ದಿವಾಳಿಗೊಂದು ಫೆಲೋಶಿಪ್

ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯಕ್ಕೆ ದುಡ್ಡಿಲ್ಲ, ಮುಚ್ಚಿಬಿಡೋಣ ಎಂದು 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೇಳಿತಲ್ಲ, ಅದರಲ್ಲೊಂದು ಸದವಕಾಶವಿತ್ತು. ಯಾರೂ ನೋಡಲಿಲ್ಲ. ದಿವಾಳಿ ಕಾನೂನಿನ ಸಂಶೋಧನಾ ಪೀಠಕ್ಕೆ ಇದಕ್ಕಿಂತ ಪ್ರಶಸ್ತ ಜಾಗ ಎಲ್ಲಿದೆ? ಕ್ಷೇತ್ರಕಾರ್ಯಕ್ಕೆ ಕ್ಯಾಂಪಸ್ ಗೇಟು ದಾಟಬೇಕಾಗಿಯೇ ಇಲ್ಲ.

ದಿವಾಳಿ ಕಾನೂನಿನ ಪಾಂಡಿತ್ಯಕ್ಕೆ ದೇಶದಲ್ಲೇನೂ ಬರವಿಲ್ಲ. ಆದರೆ ಎಲ್ಲರ ಕಣ್ಣೂ ಕಂಪನಿಗಳ ಮೇಲೆ. 2016ರ ದಿವಾಳಿ ಸಂಹಿತೆಯ 330 ದಿನದ ಗಡುವು, 53ನೇ ಕಲಮಿನ ಪ್ರಕಾರ ಮುಳುಗಿದವನ ದುಡ್ಡಿಗೆ ಯಾರು ಮೊದಲು ಕೈಚಾಚಬೇಕೆಂಬ ಸರತಿ: ಪ್ರಬಂಧದ ಮೇಲೆ ಪ್ರಬಂಧ. ಮನುಷ್ಯ ಮುಳುಗಿದರೆ? ಸಂಹಿತೆಯ ಮೂರನೇ ಭಾಗ ಅದಕ್ಕೆಂದೇ ಇದೆ. 2019ರ ಡಿಸೆಂಬರ್ 1ರಂದು ಅದು ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಉಳಿದವರು 1920ರ ಪ್ರಾಂತೀಯ ದಿವಾಳಿ ಕಾಯ್ದೆ ಹಿಡಿದು ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ಕೊಡಗು ಚೀಫ್ ಕಮಿಷನರ್ ಕೈಕೆಳಗಿದ್ದ ಕಾಲದ ಕಾಯ್ದೆ. ಅರ್ಜಿ ಹಾಕಲು 500 ರೂಪಾಯಿ ಸಾಲವಿದ್ದರೆ ಸಾಕು! ಕಂಪನಿಗೆ ಮಾತ್ರ ಒಂದು ಕೋಟಿ ಬಾಕಿ ಬೇಕು. ದೊಡ್ಡವರ ಗತ್ತೇ ಬೇರೆ.

ಅದೇ ಸಂಹಿತೆಯಲ್ಲಿ ಬಡವರಿಗೆ ‘ಹೊಸ ಆರಂಭ’ ಎಂಬ ಅಧ್ಯಾಯವೊಂದಿದೆ. ವರ್ಷದ ಆದಾಯ 60,000 ಮೀರಬಾರದು, ಆಸ್ತಿ 20,000, ಸಾಲ 35,000, ಸ್ವಂತ ಮನೆ ಇರಕೂಡದು. ಲೈನ್‌ಮನೆಯ ತೋಟದ ಕೂಲಿಯವರಿಗೆ ಹೇಳಿ ಹೊಲಿಸಿದಂತಿದೆ. ಜಾರಿಗೆ ಬಂದಿಲ್ಲ, ಅಷ್ಟೆ. ಜೆಆರ್‌ಎಫ್ (ಕಿರಿಯ ಸಂಶೋಧಕರಿಗೆ ಕೊಡುವ ಫೆಲೋಶಿಪ್) ತಿಂಗಳಿಗೆ 37,000. ಈ ಅಧ್ಯಾಯದ ಮೇಲೆ ಪಿಎಚ್‌ಡಿ ಮಾಡುವವನು ಎರಡನೇ ತಿಂಗಳಲ್ಲೇ ಅದರ ವಾರ್ಷಿಕ ಮಿತಿ ದಾಟುತ್ತಾನೆ.

ಇನ್ನು ನಮ್ಮ ತೋಟ. ಕಾಫಿ ಬೆಳೆದು, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದಗೊಳಿಸುವುದು) ಮಾಡಿಸಿ ಮಾರಿದರೆ ಆದಾಯ ತೆರಿಗೆಯ ನಿಯಮಕ್ಕೆ ಶೇ 75 ಕೃಷಿ, ಶೇ 25 ವ್ಯಾಪಾರ. ಹುರಿದು ಪುಡಿಯನ್ನೂ ಮಾಡಿದರೆ ವ್ಯಾಪಾರ ಶೇ 40ಕ್ಕೇರುತ್ತದೆ. ಸಾಲ ಸುಸ್ತಿಯಾಯಿತೋ, ಕೋರ್ಟಿಗೆ ಹೋಗದೆಯೇ ಬ್ಯಾಂಕು ಅಡಮಾನವನ್ನು ವಶಪಡಿಸಿಕೊಳ್ಳುವ ಸರ್ಫೇಸಿ ಕಾಯ್ದೆಯ ನೋಟಿಸು: 60 ದಿನ ಗಡುವು, ಆಮೇಲೆ ಸ್ವಾಧೀನ, ಹರಾಜು. ಕೃಷಿಭೂಮಿಗೆ ಆ ಕಾಯ್ದೆಯ 31ನೇ ಕಲಮಿನಲ್ಲಿ ವಿನಾಯಿತಿ ಇದೆಯಲ್ಲ ಎಂದರೆ, ತೋಟ ಕೃಷಿಭೂಮಿಯೇ ಅಲ್ಲ ಎನ್ನುತ್ತಾರೆ ಬ್ಯಾಂಕಿನವರು. ಅದೇ ಗಿಡ, ಅದೇ ಬುಡ! ತಕರಾರಿದ್ದರೆ ಸ್ವಾಧೀನದ ಕ್ರಮವಾದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿ. ಕೊಯ್ಲಿನ ಹೊತ್ತಿಗೆ ನೋಟಿಸು ಬಂದರೆ ವಕೀಲರನ್ನು ಹುಡುಕುವುದೋ, ಹಣ್ಣು ಕೀಳಿಸುವುದೋ? ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯಾಗಿದ್ದರೆ ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಹಿಂದೆ ಕುಟುಂಬವೇ ಸಾಲುಗಟ್ಟಿ ನಿಂತಿರುತ್ತದೆ. ಸಾಲಗಾರ ಯಾರು, ಪಾಲುದಾರ ಯಾರು ಎಂದು ಬಿಡಿಸುವುದರಲ್ಲೇ ಒಂದು ಪಿಎಚ್‌ಡಿ ಮುಗಿದೀತು.

ಅನುದಾನ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಮೊದಲ ಕಂತು ಮಾರ್ಚ್‌ನಲ್ಲಿ ಬರುತ್ತದೆ, ಲೆಕ್ಕ ಮಾರ್ಚ್ 31ಕ್ಕೆ ಮುಗಿಯಬೇಕು. ಜಿಎಫ್‌ಆರ್ (ಸರ್ಕಾರಿ ಹಣಕಾಸು ನಿಯಮ) 12-ಎ ನಮೂನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಹೋಗದೆ ಎರಡನೇ ಕಂತಿಲ್ಲ. ಎರಡನೇ ಕಂತಿಲ್ಲದೆ ಸಂಶೋಧನಾ ಸಹಾಯಕನಿಗೆ ಸಂಬಳವಿಲ್ಲ. ಅವನು ಕೈಸಾಲ ಮಾಡುತ್ತಾನೆ. 500 ದಾಟಿದರೆ 1920ರ ಕಾಯ್ದೆ ಇದ್ದೇ ಇದೆ.

ತಮಾಷೆ ಸಾಕು. ಈ ಜಿಲ್ಲೆಯಲ್ಲಿ ಎಷ್ಟು ತೋಟ ಹರಾಜಿಗೆ ಬಂತು, ಎಷ್ಟಕ್ಕೆ ಹೋಯಿತು, ಹರಾಜಾದ ಮೇಲೂ ಸಾಲ ಉಳಿಯಿತೇ ಎಂದು ಬ್ಯಾಂಕುಗಳ ಹರಾಜು ಪ್ರಕಟಣೆ ಮತ್ತು ನ್ಯಾಯಮಂಡಳಿಯ ಕಡತ ಜೋಡಿಸಿ ಬರೆಯಲು ಇಬ್ಬರು ಹುಡುಗರು, ಎರಡು ವರ್ಷ ಸಾಕು. ಇಬ್ಬರಿಗೂ ಜೆಆರ್‌ಎಫ್ ದರದಲ್ಲೇ ಕೊಟ್ಟರೂ 17,76,000 ರೂಪಾಯಿ. ಇಷ್ಟನ್ನೂ ಕೊಡಲಾಗದವರು ವಿಶ್ವವಿದ್ಯಾಲಯದ ಬೋರ್ಡನ್ನಾದರೂ ಯಾಕೆ ನೆಟ್ಟರು?