ಸತ್ಯಾಂಶ: ಗೋಬಿ ಎಂದರೆ ಬರೀ ಮರಳಲ್ಲ

‘ಗೋಬಿ ಮರುಭೂಮಿಯಲ್ಲಿ ಮರಳು ಬಿಟ್ಟರೆ ಏನೂ ಇಲ್ಲ, ಅಲ್ಲಿಂದ ಯಾರಿಗೂ ಕಾಸಿನ ಪ್ರಯೋಜನವಿಲ್ಲ’ ಎಂಬ ಸಂದೇಶ ಹಲವರ ಮೊಬೈಲ್‌ಗೆ ಬಂದಿರಬಹುದು. ಅದು ತಪ್ಪು.

ಗೋಬಿ ಹರಡಿರುವ, ಮಂಗೋಲಿಯಾದ ದಕ್ಷಿಣ ತುದಿಯ ಒಮ್ನೊಗೋವಿ ಪ್ರಾಂತ್ಯವನ್ನೇ ನೋಡೋಣ. ವಿಸ್ತೀರ್ಣ ಸುಮಾರು 1,65,000 ಚದರ ಕಿಲೋಮೀಟರ್. ಜನಸಂಖ್ಯೆ ಒಂದು ಲಕ್ಷಕ್ಕಿಂತ ಕಡಿಮೆ. ಖೊಂಗೊರಿನ್ ಎಲ್ಸ್‌ನಲ್ಲಿ ಭಾರೀ ಮರಳುದಿಬ್ಬಗಳಿವೆ, ನಿಜ. ಆದರೆ ನೆಲದ ಬಹುಭಾಗ ಜಲ್ಲಿಕಲ್ಲಿನ ಬಯಲು, ಕುರುಚಲು ಹುಲ್ಲುಗಾವಲು ಮತ್ತು ಬೆಟ್ಟಸಾಲು. ಚಳಿಗಾಲದಲ್ಲಿ ಹಿಮವೂ ಬೀಳುತ್ತದೆ.

ಇನ್ನು ಸಂಪತ್ತಿನ ಮಾತು. ಇದೇ ಪ್ರಾಂತ್ಯದ ಓಯು ತೊಲ್ಗೊಯ್ ಗಣಿಯಲ್ಲಿ ತಾಮ್ರ, ಚಿನ್ನ ಸಿಗುತ್ತವೆ. ಅದರ 34 ಶೇಕಡಾ ಪಾಲು ಮಂಗೋಲಿಯಾ ಸರ್ಕಾರದ್ದು. ಇಲ್ಲಿನದೇ ತವನ್ ತೊಲ್ಗೊಯ್ ಗಣಿಯ ಕಲ್ಲಿದ್ದಲು ಗಡಿ ದಾಟಿ ಚೀನಾಕ್ಕೆ ಹೋಗುತ್ತದೆ. ಮೊದಲು ಲಾರಿಗಳ ಸಾಲೇ ಆಧಾರವಾಗಿತ್ತು. 2022ರಲ್ಲಿ ಗಡಿಯವರೆಗೆ ರೈಲುಮಾರ್ಗವೂ ತೆರೆಯಿತು. ದೇಶದ ರಫ್ತು ಆದಾಯ ಈ ‘ಬರಡು’ ನೆಲವನ್ನು ಬಹಳವಾಗಿ ನೆಚ್ಚಿಕೊಂಡಿದೆ.

ಗಣಿಗಿಂತ ಹಳೆಯ ಬದುಕೂ ಅಲ್ಲಿದೆ. ಎರಡು ಡುಬ್ಬದ ಒಂಟೆ, ಕ್ಯಾಶ್ಮೀರ್ ಎಂಬ ನಯವಾದ ಉಣ್ಣೆ ಕೊಡುವ ಮೇಕೆಗಳನ್ನು ಸಾಕುವ ಅಲೆಮಾರಿ ಕುಟುಂಬಗಳು ಬಾವಿಯ ನೀರನ್ನೇ ನಂಬಿವೆ. ಗಣಿಗೂ ಬೇಕಾಗಿರುವುದು ಅಂತರ್ಜಲವೇ. ಅಲ್ಲಿ ಏನೂ ಇಲ್ಲವೆಂದು ಹೇಳಿಬಿಟ್ಟರೆ, ನೀರಿಗಾಗಿ ಆತಂಕಪಡುವ ಈ ಪಶುಪಾಲಕರ ಮಾತಿಗೆ ಕಿವಿಗೊಡುವವರೂ ಇಲ್ಲವಾಗುತ್ತಾರೆ.