ಮೊದಲ ಬೈಕ್ ಕೈತಪ್ಪಿ ಬಿದ್ದರೂ ಎತ್ತಿ ನಿಲ್ಲಿಸುವಂತಿರಲಿ

ಅಕ್ಕನ ಮಗಳು ಕಳೆದ ವಾರ ಒಂದು ಫೋಟೋ ಕಳಿಸಿದಳು. 600 ಸಿಸಿ, ನಾಲ್ಕು ಸಿಲಿಂಡರಿನ ಸ್ಪೋರ್ಟ್ಸ್ ಬೈಕ್. ಅದರ ಕೆಳಗೆ, "ಚಿಕ್ಕಮ್ಮ, ಲೈಸೆನ್ಸ್ ಬಂತು. ಸೆಕೆಂಡ್ ಹ್ಯಾಂಡಲ್ಲಿ ಇದು ಸಿಗ್ತಿದೆ. ತಗೊಂಡುಬಿಡ್ಲಾ?" ಅಂತ ಬರೆದಿದ್ದಳು.

ಬೇಡ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು. ಆದರೆ ಯಾಕೆ ಬೇಡ ಅನ್ನೋದನ್ನು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಅವಳಿಗೂ, ಅವಳ ಹಾಗೆ ಹೊಸದಾಗಿ ರಸ್ತೆಗಿಳಿಯುವ ಎಲ್ಲರಿಗೂ.

ನಾನು ಬೈಕ್ ಓಡಿಸಲು ಶುರುಮಾಡಿ 14 ವರ್ಷ ಆಯಿತು. ನನ್ನ ಮೊದಲ ಗಾಡಿಯನ್ನು ಅಂದ ನೋಡಿ ತಗೊಂಡೆ. ಸುಮಾರು 200 ಕೆಜಿ ಭಾರ, ಎತ್ತರದ ಸೀಟು. ಕೂತರೆ ಬರೀ ಬೆರಳ ತುದಿ ನೆಲಕ್ಕೆ ತಾಗುತ್ತಿತ್ತು. "ಅಭ್ಯಾಸ ಆಗುತ್ತೆ ಬಿಡಿ" ಅಂದರು ಮಾರಿದವರು. ಮೂರನೇ ದಿನ ಒಂದು ಯು ಟರ್ನ್ ತೆಗೆದುಕೊಳ್ಳುತ್ತಿದ್ದೆ. ನಡಿಗೆಯ ವೇಗ. ಹ್ಯಾಂಡಲ್ ಪೂರ್ತಿ ತಿರುಗಿತ್ತು. ಎದುರಿಗೆ ಯಾರೋ ಬಂದರು, ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಒಳಮಗ್ಗುಲಿಗೆ ವಾಲುತ್ತದೆ. ವಾಲಿದ ಕಡೆ ಕಾಲು ಕೊಡೋಣ ಅಂದರೆ ನೆಲ ಸಿಗಲಿಲ್ಲ. ಬಿತ್ತು. ಇಬ್ಬರು ಬಂದು ಎತ್ತಿಕೊಟ್ಟರು.

ಪೆಟ್ಟೇನೂ ಆಗಲಿಲ್ಲ. ಆದರೆ ಆಮೇಲೆ ಎರಡು ತಿಂಗಳು ನಾನು ಯು ಟರ್ನ್ ಇಲ್ಲದ ದಾರಿಯನ್ನೇ ಹುಡುಕಿಕೊಂಡು ಹೋಗುತ್ತಿದ್ದೆ. ಇಳಿಜಾರಲ್ಲಿ ನಿಲ್ಲಿಸಬೇಕು ಅಂದರೆ ಕೈ ಬೆವರುತ್ತಿತ್ತು. ಕಲಿಯಬೇಕಾದ ಎರಡು ತಿಂಗಳಲ್ಲಿ ನಾನು ಕಲಿತದ್ದು ತಪ್ಪಿಸಿಕೊಳ್ಳುವುದನ್ನು ಮಾತ್ರ. ತೀರಾ ಭಾರದ ಗಾಡಿ ಹೊಸಬರಿಗೆ ಮಾಡುವ ದೊಡ್ಡ ನಷ್ಟ ಇದೇ. ಹೆದರಿಕೆ ಬಂದರೆ ಅಭ್ಯಾಸ ನಿಂತುಹೋಗುತ್ತದೆ.

ಬೈಕ್ ಅಂದಕೂಡಲೇ ಎಲ್ಲರೂ ಕೇಳೋದು ಸಿಸಿ ಎಷ್ಟು ಅಂತ. ಬರೀ ಸಿಸಿಯಿಂದ ಏನೂ ಗೊತ್ತಾಗುವುದಿಲ್ಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ನೋಡಿ, 349 ಸಿಸಿ. ಅದರ ಶಕ್ತಿ ಸುಮಾರು 20 ಹಾರ್ಸ್‌ಪವರ್. ಹಳೆಯ ಕೆಟಿಎಂ 390 ಡ್ಯೂಕ್ 373 ಸಿಸಿ, ಆದರೆ ಸುಮಾರು 43 ಹಾರ್ಸ್‌ಪವರ್. ಸಿಸಿ ಹೆಚ್ಚುಕಮ್ಮಿ ಒಂದೇ, ಶಕ್ತಿ ಎರಡು ಪಟ್ಟು. ತೂಕದಲ್ಲಿ ಕ್ಲಾಸಿಕ್ಕೇ ಜಾಸ್ತಿ. ಒಂದು ನಿಧಾನ ಆದರೆ ಭಾರ, ಇನ್ನೊಂದು ಹಗುರ ಆದರೆ ಚುರುಕು. ಎರಡನ್ನೂ "350ರ ಆಸುಪಾಸು" ಅಂತ ಒಂದೇ ಬುಟ್ಟಿಗೆ ಹಾಕಿದರೆ ಹೊಸಬರಿಗೆ ಮೋಸ ಆಗುತ್ತದೆ.

ಶಕ್ತಿಯ ಮಾತು ಬಂದಾಗ ಎಲ್ಲರೂ ಕೊಡುವ ಉತ್ತರ ಒಂದೇ. "ಆಕ್ಸಿಲರೇಟರ್ ನನ್ನ ಕೈಯಲ್ಲಿದೆ, ನಾನು ಹುಷಾರಾಗಿ ಓಡಿಸ್ತೀನಿ." ಅಕ್ಕನ ಮಗಳೂ ಅದನ್ನೇ ಅಂದಳು. ಅವಳ ಮಾತನ್ನು ನಾನು ನಂಬುತ್ತೇನೆ. ಅವಳು ಬೇಕೆಂದು ಜೋರಾಗಿ ಓಡಿಸುವ ಹುಡುಗಿ ಅಲ್ಲ. ಆದರೆ ಅಪಾಯ ಬರುವುದು ಬೇಡದ ಹೊತ್ತಲ್ಲಿ. ಗಾಡಿ ಇದ್ದಕ್ಕಿದ್ದಂತೆ ಮುಂದಕ್ಕೆ ಜಿಗಿದರೆ ಮೈ ಹಿಂದಕ್ಕೆ ಹೋಗುತ್ತದೆ. ಕೈ ಹ್ಯಾಂಡಲನ್ನು ಇನ್ನೂ ಗಟ್ಟಿ ಹಿಡಿಯುತ್ತದೆ. ಹಿಂದಕ್ಕೆ ಹೋದ ಮೈ ಮಣಿಕಟ್ಟನ್ನೂ ಹಿಂದಕ್ಕೆಳೆಯುತ್ತದೆ, ಅಂದರೆ ಆಕ್ಸಿಲರೇಟರ್ ಇನ್ನೂ ತಿರುಗುತ್ತದೆ. ಗಾಡಿ ಇನ್ನೂ ಜಿಗಿಯುತ್ತದೆ. ಕಡಿಮೆ ಶಕ್ತಿಯ ಗಾಡಿಯಲ್ಲಿ ಇಂಥ ತಪ್ಪಾದರೆ ಸುಧಾರಿಸಿಕೊಳ್ಳಲು ಒಂದಿಷ್ಟು ಹೊತ್ತು ಸಿಗುತ್ತದೆ. 600 ಸಿಸಿಯ ಸ್ಪೋರ್ಟ್ಸ್ ಬೈಕಿನಲ್ಲಿ ಅದು ಸಿಗುವುದಿಲ್ಲ. ಅವುಗಳ ಶಕ್ತಿ ನೂರು ಹಾರ್ಸ್‌ಪವರ್ ದಾಟುತ್ತದೆ. ಎಂಜಿನ್ ನಿಧಾನ ತಿರುಗುವಾಗ ಸಾಧುವಾಗಿರುತ್ತವೆ, ಮೇಲಕ್ಕೆ ಹೋದಂತೆ ಒಮ್ಮೆಗೇ ಪಿಕಪ್ ಬರುತ್ತದೆ. ಮೊದಲ ಅರ್ಧ ಗಂಟೆ "ಪಾಪ, ಎಷ್ಟು ಸುಲಭ" ಅನ್ನಿಸುವುದೂ ಅದಕ್ಕೇ.

ಇದು ನನ್ನ ಒಬ್ಬಳ ಹೆದರಿಕೆ ಅಲ್ಲ. ಯುರೋಪಿನಲ್ಲಿ ಎ2 ಅಂತ ಒಂದು ಲೈಸೆನ್ಸ್ ಇದೆ. ಅದರಲ್ಲಿ 35 ಕಿಲೋವ್ಯಾಟ್, ಅಂದರೆ ಸುಮಾರು 47 ಹಾರ್ಸ್‌ಪವರ್ ಮೀರಿದ ಬೈಕ್ ಓಡಿಸುವಂತಿಲ್ಲ. ತೂಕಕ್ಕೆ ಹೋಲಿಸಿದರೆ ಶಕ್ತಿ ಎಷ್ಟಿರಬೇಕು ಅನ್ನುವುದಕ್ಕೂ ಮಿತಿ ಇದೆ. ಜಪಾನಿನಲ್ಲಿ ಸಾಮಾನ್ಯ ಬೈಕ್ ಲೈಸೆನ್ಸ್ 400 ಸಿಸಿಗೆ ನಿಲ್ಲುತ್ತದೆ. ನಿಮ್ಮಲ್ಲಿ ಇಂಥ ನಿಯಮ ಇಲ್ಲದಿದ್ದರೆ ಆ ಮಿತಿಯನ್ನು ನೀವೇ ಹಾಕಿಕೊಳ್ಳಿ. ನನ್ನ ಲೆಕ್ಕದಲ್ಲಿ ಮೊದಲ ಬೈಕಿಗೆ 15ರಿಂದ 35 ಹಾರ್ಸ್‌ಪವರ್ ಸಾಕು, ತೂಕ 170 ಕೆಜಿ ಒಳಗಿದ್ದರೆ ಒಳ್ಳೆಯದು.

ಬ್ರೇಕಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅನ್ನುವವರು ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ನೋಡಿ, 1981ರಲ್ಲಿ ವರದಿ ಕೊಟ್ಟರು. ಹಳೆಯ ವರದಿ, ಆದರೆ ಅದರ ಎರಡು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿವೆ. ಅಪಘಾತವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಗಾಡಿಯನ್ನು ಓಡಿಸಲು ಶುರುಮಾಡಿ ಐದು ತಿಂಗಳೂ ಆಗಿರಲಿಲ್ಲ. ಹಾಗಂತ ಅವರೆಲ್ಲ ತೀರಾ ಹೊಸಬರೇನಲ್ಲ, ಅವರಿಗೆ ರಸ್ತೆಯ ಅನುಭವ ಸುಮಾರು ಮೂರು ವರ್ಷದ್ದಿತ್ತು. ಇನ್ನೊಂದು ಮಾತು, ಹೆಚ್ಚಿನವರು ಗಾಬರಿಯಲ್ಲಿ ಹಿಂದಿನ ಬ್ರೇಕ್ ಜೋರಾಗಿ ತುಳಿದು ಚಕ್ರ ಜಾರಿಸಿಕೊಂಡಿದ್ದರು, ಮುಂದಿನ ಬ್ರೇಕನ್ನು ಸಾಕಷ್ಟು ಬಳಸಿರಲಿಲ್ಲ.

ಬ್ರೇಕ್ ಹಾಕಿದಾಗ ಗಾಡಿಯ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ನಿಲ್ಲಿಸುವ ಕೆಲಸ ಹೆಚ್ಚಿನದು ಅದರದ್ದೇ. ಆದರೆ ಹೊಸಬರಿಗೆ ಮುಂದಿನ ಬ್ರೇಕ್ ಅಂದರೆ ಭಯ, ಪಲ್ಟಿ ಹೊಡೆಯುತ್ತೇನೆ ಅಂತ. ಹ್ಯಾಂಡಲ್ ನೆಟ್ಟಗಿಟ್ಟುಕೊಂಡು, ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತಾ ಹೋಗುವುದನ್ನು ಖಾಲಿ ಜಾಗದಲ್ಲಿ ನೂರು ಸಲ ಮಾಡಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ ಅನ್ನುವುದನ್ನು ಅಲ್ಲೇ ಕಣ್ಣಾರೆ ನೋಡಬೇಕು. ಬಿದ್ದರೆ ಏನು ಗತಿ ಅಂತ ಹೆದರಿಸುವ ಗಾಡಿಯಲ್ಲಿ ಈ ಅಭ್ಯಾಸ ಯಾರು ಮಾಡುತ್ತಾರೆ ಹೇಳಿ?

ಹಾಗೇ, ಎಬಿಎಸ್ ಇರುವ ಗಾಡಿಯನ್ನೇ ನೋಡಿ. ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ ಅದು. ಬೈಕಿಗೆ ಅದನ್ನು 1988ರಲ್ಲಿ ಬಿಎಂಡಬ್ಲ್ಯೂ ಕೆ100ರಲ್ಲಿ ತಂದರು. ಈಗ ಚಿಕ್ಕ ಗಾಡಿಗಳಲ್ಲೂ ಸಿಗುತ್ತದೆ. ಸಿಂಗಲ್ ಚಾನೆಲ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ, ಡ್ಯುಯಲ್ ಅಂದರೆ ಎರಡಕ್ಕೂ. ಬಣ್ಣ, ಡಿಸ್‌ಪ್ಲೇ ಎಲ್ಲ ಬಿಟ್ಟು ದುಡ್ಡನ್ನು ಇದಕ್ಕೆ ಹಾಕಿ.

ಗಾಡಿ ನೋಡಲು ಹೋದಾಗ ದಿನಾ ಹಾಕುವ ಶೂ ಹಾಕಿಕೊಂಡು ಹೋಗಿ. ಸುಮ್ನೆ ಕೂತು ಎದ್ದು ಬರಬೇಡಿ. ಸೈಡ್ ಸ್ಟ್ಯಾಂಡಿನಿಂದ ನೀವೇ ಎತ್ತಿ ನೆಟ್ಟಗೆ ಮಾಡಿ. ಕೂತು ಹಿಂದಕ್ಕೆ ನಾಲ್ಕು ಹೆಜ್ಜೆ ತಳ್ಳಿ. ಎರಡೂ ಪಾದದ ಮುಂಭಾಗವಾದರೂ ಗಟ್ಟಿಯಾಗಿ ನೆಲಕ್ಕೆ ಊರಬೇಕು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಆಗ ಕ್ಲಚ್ಚು, ಬ್ರೇಕು ಬೆರಳಿಗೆ ಸಿಗುತ್ತವಾ ನೋಡಿ. ಬರೀ ಸೀಟಿನ ಎತ್ತರ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಹೋಂಡಾ ರೆಬೆಲ್ 500ರ ಸೀಟು ಬರೀ 690 ಮಿಲಿಮೀಟರ್ ಎತ್ತರ, ಕುಳ್ಳಗಿರುವವರಿಗೆ ವರವೇ ಸರಿ. ಆದರೆ ಸೀಟು ತಗ್ಗಿರುವ ಎಲ್ಲ ಕ್ರೂಸರ್‌ಗಳೂ ಹಗುರವಲ್ಲ. ಕೆಲವದರಲ್ಲಿ ಕಾಲಿಡುವ ಜಾಗ ಬಹಳ ಮುಂದಿರುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಹೊರಗಿನ ಕೈ ಎಟುಕುವುದೇ ಇಲ್ಲ.

ಮೊದಲ ಗಾಡಿ ಸೆಕೆಂಡ್ ಹ್ಯಾಂಡ್ ಆಗಿದ್ದರೆ ನನಗೆ ಖುಷಿ. ಗೀರು ಬಿದ್ದರೆ ಹೊಟ್ಟೆ ಉರಿಯುವುದಿಲ್ಲ. ಮೈಮೇಲೆ ಪ್ಲಾಸ್ಟಿಕ್ ಹೊದಿಕೆ, ಅಂದರೆ ಫೇರಿಂಗ್, ಇಲ್ಲದ ಗಾಡಿಯಾದರೆ ಇನ್ನೂ ವಾಸಿ, ನಿಂತಲ್ಲೇ ಬಿದ್ದರೆ ಲಿವರ್, ಕನ್ನಡಿ, ಇಂಡಿಕೇಟರ್ ಅಷ್ಟರಲ್ಲೇ ಮುಗಿಯುತ್ತದೆ. ಲಿವರಿನ ತುದಿ, ಫುಟ್‌ರೆಸ್ಟ್, ಸೈಲೆನ್ಸರಿನ ಅಂಚು ಉಜ್ಜಿದ್ದರೆ ಆ ಗಾಡಿ ಮೊದಲೇ ಬಿದ್ದಿದೆ ಅಂತ ಅರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟೈರು. ಗೆರೆ ಎಷ್ಟೇ ಆಳವಾಗಿ ಕಂಡರೂ ಹಳೆಯ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಚೈನ್ ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್ ಸೆಟ್ ಹೊಸದು ಹಾಕಿಸಬೇಕು. ಮುಂದಿನ ಫೋರ್ಕಿನ ಮೇಲೆ ಎಣ್ಣೆ ಪಸೆ ಇದ್ದರೆ ಸೀಲ್ ಹೋಗಿದೆ. ಎಂಜಿನ್ ನಂಬರ್, ಚಾಸಿ ನಂಬರ್ ಕಾಗದದ ಜೊತೆ ತಾಳೆ ಆಗಲೇಬೇಕು.

ಹೆಲ್ಮೆಟ್, ಗ್ಲೌಸ್, ಜಾಕೆಟ್, ಹಿಮ್ಮಡಿ ಗಂಟು ಮುಚ್ಚುವ ಬೂಟು, ಇವುಗಳ ದುಡ್ಡನ್ನು ಮೊದಲೇ ಪಕ್ಕಕ್ಕಿಡಿ. ಮಿಕ್ಕಿದ್ದರಲ್ಲಿ ಬೈಕ್.

"ಆರು ತಿಂಗಳಲ್ಲಿ ಬೋರ್ ಆಗುತ್ತೆ, ಒಂದೇ ಸಲ ದೊಡ್ಡದು ತಗೋ" ಅನ್ನುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಬೋರ್ ಆದರೆ ಆಗಲಿ. ಆಗ ಮಾರಿ ದೊಡ್ಡದು ತಗೊಳ್ಳಬಹುದು. ನಾನು ಎರಡನೆಯದಾಗಿ ಹಗುರವಾದ ಒಂದು 150 ಸಿಸಿ ಗಾಡಿ ತಗೊಂಡೆ. ಮೂರು ವರ್ಷ ಓಡಿಸಿದೆ. ತಿರುವಿನಲ್ಲಿ ಎಲ್ಲಿ ನೋಡಬೇಕು, ಯಾವಾಗ ಗೇರ್ ಇಳಿಸಬೇಕು, ಮಳೆಯಲ್ಲಿ ಬ್ರೇಕ್ ಎಷ್ಟು ಹಿಡಿಯಬೇಕು, ಇವತ್ತು ನನಗೆ ಬರುವುದೆಲ್ಲ ಅದು ಕಲಿಸಿದ್ದು. ಅದನ್ನು ಮಾರಿದ ದಿನ ಅತ್ತಿದ್ದೆ.

ಅಕ್ಕನ ಮಗಳು ಎರಡು ದಿನ ಮಾತಾಡಲಿಲ್ಲ. ನಿನ್ನೆ ಇನ್ನೊಂದು ಫೋಟೋ ಬಂತು. 250 ಸಿಸಿ, ಒಂದೇ ಸಿಲಿಂಡರ್, ಫೇರಿಂಗ್ ಇಲ್ಲ, ಎಬಿಎಸ್ ಇದೆ. ಭಾನುವಾರ ನೋಡಲು ಹೋಗುತ್ತಿದ್ದೇವೆ. ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿಡಲು ಅವಳಿಗೆ ತಿಳಿಸಿದ್ದೇನೆ. ತಣ್ಣಗಿದ್ದಾಗ ಅದು ಹೇಗೆ ಸ್ಟಾರ್ಟ್ ಆಗುತ್ತದೆ ಅಂತ ನನಗೆ ನೋಡಬೇಕು.