ಯೋಚನೆಗೂ ಒಂದು ರಸೀದಿ

ನಮ್ಮೂರ ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ದಾನ ಕೊಟ್ಟವರು ಅದರ ಮೇಲೆ ತಮ್ಮ ಹೆಸರು, ಅಪ್ಪನ ಹೆಸರು, ಮನೆ ಹೆಸರು ಎಲ್ಲ ಬರೆಸಿ ಬೆಳಕು ಹೊರಗೆ ಬರೋಕೆ ಜಾಗವೇ ಇಲ್ಲದ ಹಾಗೆ ಮಾಡಿದ್ದಾರೆ. ಗಣಪತಿಗೆ 101 ರೂಪಾಯಿ ಚಂದಾ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಎರಡು ಸಲ ಕೂಗದಿದ್ದರೆ ಮುಂದಿನ ವರ್ಷ ಅದು 51ಕ್ಕೆ ಇಳಿಯುತ್ತದೆ. ಹೀಗಿರುವಾಗ, ಕೋಟಿಗಟ್ಟಲೆ ಕೊಟ್ಟು ‘ನನ್ನ ಹೆಸರು ಮಾತ್ರ ಹೇಳಬೇಡಿ’ ಅನ್ನುವ ಜನ ಇದ್ದಾರೆ ಅಂದರೆ ತೀರ್ಥಹಳ್ಳಿ ಕಡೆಯವರಾದ ನಾವು ನಂಬುವುದು ಹೇಗೆ?

ಇದ್ದಾರೆ. ಅಮೆರಿಕದಲ್ಲಿ. ಕೊಡುವುದು ದೇವರಿಗಲ್ಲ, ಥಿಂಕ್ ಟ್ಯಾಂಕಿಗೆ, ಅಂದರೆ ಸರ್ಕಾರ ಏನು ಮಾಡಬೇಕು ಅಂತ ಅಧ್ಯಯನ ಮಾಡಿ ಸಲಹೆ ಕೊಡುವ ಸಂಸ್ಥೆಗೆ.

ಬೆಂಗಳೂರಿಂದ ಬಂದ ಅಕ್ಕನ ಮಗ ಜಗಲಿಯಲ್ಲಿ ಈ ಸುದ್ದಿ ತೆಗೆದಾಗ ದೊಡ್ಡಪ್ಪ ಟ್ಯಾಂಕ್ ಅಂದರೆ ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಕಲಸುವ ಡ್ರಮ್ಮು ಅಂದುಕೊಂಡರು. ಅಷ್ಟೇನೂ ತಪ್ಪಿಲ್ಲ ಬಿಡಿ. ಅಲ್ಲೂ ಹದವಾಗಿ ಕಲಸಿ ಸಿಂಪಡಿಸುವುದೇ ಕೆಲಸ.

ವ್ಯವಸ್ಥೆ ಹೀಗಿದೆ. ಥಿಂಕ್ ಟ್ಯಾಂಕು ಹೆಚ್ಚಾಗಿ ಅಲ್ಲಿನ ತೆರಿಗೆ ಕಾನೂನಿನ 501(ಸಿ)(3) ಅಡಿ ಬರುವ ಸಂಸ್ಥೆ, ಅಂದರೆ ಧರ್ಮಕಾರ್ಯ, ಶಿಕ್ಷಣ ಇತ್ಯಾದಿ. ಅದಕ್ಕೆ ತೆರಿಗೆ ಇಲ್ಲ, ಕೊಟ್ಟವರಿಗೂ ವಿನಾಯಿತಿ. ದೊಡ್ಡ ಸಾಹುಕಾರ 100 ಡಾಲರ್ ಕೊಟ್ಟರೆ ಹೆಚ್ಚುಕಡಿಮೆ 35 ಡಾಲರ್ ತೆರಿಗೆ ಉಳಿಯುತ್ತದೆ. ಅಂದರೆ ಅವನ ಯೋಚನೆಯ ಮೂರನೇ ಒಂದು ಪಾಲಿನ ಖರ್ಚು ಸರ್ಕಾರದ್ದು! ಸಂಸ್ಥೆ ಪ್ರತಿ ವರ್ಷ ‘ಫಾರಂ 990’ ತುಂಬಬೇಕು, ಅದರಲ್ಲಿ ದೊಡ್ಡವರ ಸಂಬಳವೆಲ್ಲ ಊರಿಗೇ ಕಾಣುತ್ತದೆ. ಹಣ ಕೊಟ್ಟವರ ಹೆಸರಿನ ಹಾಳೆ ಮಾತ್ರ ಕಾಣುವುದಿಲ್ಲ.

ಇಂಥ ಸಂಸ್ಥೆ ಚುನಾವಣೆಯಲ್ಲಿ ಯಾರ ಪರವಾಗಿಯೂ ಪ್ರಚಾರ ಮಾಡುವಂತಿಲ್ಲ ಅಂತ 1954ರಿಂದ ಕಟ್ಟಪ್ಪಣೆ ಇದೆ, ಲಾಬಿಗೂ, ಅಂದರೆ ಕಾನೂನು ಮಾಡುವವರ ಕಿವಿ ಊದುವುದಕ್ಕೂ, ಮಿತಿ ಇದೆ. ಅದಕ್ಕೇನು, ಪಕ್ಕದಲ್ಲೇ 501(ಸಿ)(4) ಅಂತ ಇನ್ನೊಂದು ಅಂಗಡಿ ತೆರೆದರಾಯ್ತು, ಅಲ್ಲಿ ಕೊಟ್ಟ ಹಣಕ್ಕೆ ವಿನಾಯಿತಿ ಇಲ್ಲ, ಲಾಬಿಗೆ ಅಡ್ಡಿಯೂ ಇಲ್ಲ. 1973ರಲ್ಲಿ ಹುಟ್ಟಿದ ಬಲಪಂಥದ ಹೆರಿಟೇಜ್ ಫೌಂಡೇಶನ್ 2010ರಲ್ಲಿ ‘ಹೆರಿಟೇಜ್ ಆ್ಯಕ್ಷನ್’ ಮಾಡಿಕೊಂಡಿತು. ಡೆಮಾಕ್ರಟಿಕ್ ಪಕ್ಷದ ಕಡೆ ವಾಲುವ ಸೆಂಟರ್ ಫಾರ್ ಅಮೆರಿಕನ್ ಪ್ರೋಗ್ರೆಸ್‌ಗೂ ಅಂಥದೇ ತಂಗಿ ಇದೆ. ಅಡುಗೆಮನೆಯಲ್ಲಿ ಮಡಿ, ಹಿತ್ತಲಲ್ಲಿ ಮೀನು ಸಾರು. ಈ ವಿಷಯದಲ್ಲಿ ಮಾತ್ರ ಎಡ ಬಲ ಎರಡಕ್ಕೂ ಒಳ್ಳೆ ಒಮ್ಮತ.

ಕೊಡುವವರಲ್ಲಿ ಬೇರೆ ದೇಶಗಳೂ ಇವೆ. ಅಮೆರಿಕ ತನ್ನ ವಿದೇಶಿ ನೆರವನ್ನು ಹೆಚ್ಚಿಸಲಿ ಅಂತ ಒತ್ತಾಯಿಸಲು ನಾರ್ವೆ ಒಂದು ಸಂಸ್ಥೆಗೆ 50 ಲಕ್ಷ ಡಾಲರ್ ಒಪ್ಪಿಕೊಂಡಿದ್ದನ್ನು 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಬ್ರೂಕಿಂಗ್ಸ್ ಅನ್ನುವ ಇನ್ನೊಂದು ಥಿಂಕ್ ಟ್ಯಾಂಕಿಗೆ ಕತಾರ್ ನಾಲ್ಕು ವರ್ಷಕ್ಕೆ 1 ಕೋಟಿ 48 ಲಕ್ಷ ಡಾಲರ್ ಒಪ್ಪಿಕೊಂಡಿತ್ತು. ಸಂಶೋಧನೆಯೆಲ್ಲ ಸ್ವತಂತ್ರ ಅಂತ ಸಂಸ್ಥೆಗಳು ಹೇಳುತ್ತವೆ. ಇರಬಹುದು. ನಮ್ಮ ಕಡೆ ಊಟ ಹಾಕಿದ ಮನೆಯ ಸಾರಿಗೆ ಉಪ್ಪು ಕಡಿಮೆ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

‘ಮಾವ, ನಾವೂ ಒಂದು ಮಾಡೋಣ’ ಅಂದ ಹುಡುಗ. ವಿಷಯ: ತೋಟಕ್ಕೆ ಮಂಗನ ಕಾಟ. ಹಣ: ಸೋಲಾರ್ ಬೇಲಿ ಮಾರುವವರದ್ದು. ಒಂದು ವರ್ಷ ಅಧ್ಯಯನ, ಆಗುಂಬೆಯಲ್ಲಿ ಎರಡು ದಿನ ಸಮಾವೇಶ, ಹೋಮ್‌ಸ್ಟೇ, ಕೋಳಿ ಕಜ್ಜಾಯ, ದೆಹಲಿಯಿಂದ ಬರುವ ತಜ್ಞರಿಗೆ ಶಿವಮೊಗ್ಗದವರೆಗೆ ವಿಮಾನ. ತಜ್ಞರು ಮಂಗನನ್ನು ನೋಡಿರಬೇಕು ಅಂತೇನಿಲ್ಲ. ಕೊನೆಗೆ 200 ಪುಟದ ವರದಿ. ಪರಿಹಾರ ಏನು ಬರುತ್ತದೆ ಅಂತ ಕೇಳಿದೆ. ‘ಬೇಲಿ’ ಅಂದ. ಅಧ್ಯಯನ ಇನ್ನೂ ಶುರುವಾಗಿರಲಿಲ್ಲ.

ಮಂಗ ಬೇಲಿ ಮುಟ್ಟದೆ ಮರದಿಂದ ಮರಕ್ಕೆ ಹಾರುತ್ತಲ್ಲ ಅಂದರೆ, ಅದು ಎರಡನೇ ವರ್ಷದ ಅಧ್ಯಯನವಂತೆ.

ಹುಡುಗ ದೊಡ್ಡಪ್ಪನ ಕಡೆ ತಿರುಗಿದ. ನಮ್ಮಲ್ಲೂ ದಾನಕ್ಕೆ ತೆರಿಗೆ ರಿಯಾಯಿತಿ ಇದೆ, ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಕೊಟ್ಟಿದ್ದರ ಅರ್ಧದಷ್ಟಕ್ಕೆ ವಿನಾಯಿತಿ ಸಿಗುತ್ತೆ, 2,000ಕ್ಕಿಂತ ಜಾಸ್ತಿ ಆದರೆ ನಗದು ಬೇಡ, ಚೆಕ್ ಕೊಡಿ ಅಂದ.

‘ಅಡಿಕೆ ದುಡ್ಡಿಗೆ ಇನ್‌ಕಮ್ ಟ್ಯಾಕ್ಸೇ ಇಲ್ವಲ್ಲೋ, ವಿನಾಯಿತಿ ಯಾವುದಕ್ಕೆ?’ ಅಂದರು ದೊಡ್ಡಪ್ಪ. ಆದರೂ ಮೊಮ್ಮಗ ಕೇಳಿದನಲ್ಲ ಅಂತ ಎಲೆಅಡಿಕೆ ಸಂಚಿಯಿಂದ ನೂರರ ನೋಟು, ಮೇಲೊಂದು ರೂಪಾಯಿ ತೆಗೆದು ಕೈಗಿಟ್ಟರು.

‘ಅಜ್ಜ, ನಿಮ್ಮ ಹೆಸರು ಯಾರಿಗೂ ಗೊತ್ತಾಗಲ್ಲ, ಪೂರ್ತಿ ಗುಟ್ಟು.’

ದೊಡ್ಡಪ್ಪ ನೋಟನ್ನೂ ರೂಪಾಯಿಯನ್ನೂ ವಾಪಸ್ ಇಸಿದುಕೊಂಡು ಸಂಚಿ ಕಟ್ಟಿದರು.